ಸಂದೇಶ ಬರಬೇಕಾದದ್ದು ಅಂಗಡಿಗೆ, ಗುಮಾಸ್ತನ ಜೇಬಿಗಲ್ಲ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ಪೇಟೆಗಳಲ್ಲಿನ ಹಳೆಯ ಅಂಗಡಿಗಳ ನಾಮಫಲಕಗಳನ್ನು ಗಮನಿಸಿದರೆ ಅಲ್ಲಿ ಇಂದಿಗೂ ಎರಡು ಬಗೆಯ ದೂರವಾಣಿ ಸಂಖ್ಯೆಗಳು ಕಾಣುತ್ತವೆ. ಗೋಕಾಕದ 08332 ಅಥವಾ ಹುಕ್ಕೇರಿಯ 08333ರಿಂದ ಆರಂಭವಾಗುವ ಸ್ಥಿರ ದೂರವಾಣಿಯ ಸಂಖ್ಯೆ ಬಣ್ಣದಲ್ಲಿ ಬರೆದದ್ದು. ಅದರ ಕೆಳಗೆ ತರುವಾಯ ಸೇರಿಸಿದ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆ. ಮೊದಲನೆಯದು ಅಂಗಡಿಯದು. ಎರಡನೆಯದು ಯಾರದು ಎಂಬ ಪ್ರಶ್ನೆಗೆ ಅನೇಕ ಸಂದರ್ಭಗಳಲ್ಲಿ ಮಾಲೀಕರಿಗೂ ತಕ್ಷಣ ಉತ್ತರಿಸಲಾಗದು. ಅದು ಹಿರಿಯ ಮಗನದಾಗಿರಬಹುದು, ದಿವಾನಜಿಯದಾಗಿರಬಹುದು, ಅಥವಾ ಎರಡು ವರ್ಷಗಳ ಹಿಂದೆ ಕೆಲಸ ಬಿಟ್ಟುಹೋದ ಹುಡುಗನದೂ ಆಗಿರಬಹುದು.

ಇದು ಕ್ಷುಲ್ಲಕ ಸಂಗತಿಯೆಂದು ತೋರಬಹುದು. ಆದರೆ ಇಂದು ವ್ಯಾಪಾರದ ಮಹತ್ವದ ಸೂಚನೆಗಳೆಲ್ಲ ಮಾತಿನ ರೂಪದಲ್ಲಲ್ಲ, ಕಿರುಸಂದೇಶದ ರೂಪದಲ್ಲಿ ಬರುತ್ತವೆ. ಬ್ಯಾಂಕಿಗೆ ಹಣ ಜಮೆಯಾದ ಸುದ್ದಿ, ಲಾರಿ ಹೊರಟ ಸುದ್ದಿ, ಕಬ್ಬಿನ ತೂಕ, ಜಿ.ಎಸ್.ಟಿ. ಜಾಲತಾಣದ ಸಂಕೇತ, ಮಳೆ ಹಾಗೂ ನೆರೆಯ ಮುನ್ಸೂಚನೆ ಇವೆಲ್ಲವೂ ಹಾಗೆಯೇ. ಕಚೇರಿಯ ಮೇಜಿನ ಮೇಲಿರುವ ಫೋನಿಗೆ ಇವುಗಳಲ್ಲಿ ಒಂದೂ ತಲುಪುವುದಿಲ್ಲ. ಸಂಸ್ಥೆಯ ಹೆಸರಿನಲ್ಲಿರುವ ಏಕೈಕ ದೂರವಾಣಿ ಮೂಕವಾಗಿದ್ದು, ಸಂಸ್ಥೆಯ ಸುದ್ದಿಯೆಲ್ಲ ಖಾಸಗಿ ಜೇಬುಗಳಲ್ಲಿ ಹಂಚಿಹೋಗಿದೆ.

ತಂತ್ರಜ್ಞಾನದ ಕೊರತೆಯಿಂದ ಹೀಗಾಯಿತೆಂದು ಹೇಳುವಂತಿಲ್ಲ. ಮೊದಲ ಕಿರುಸಂದೇಶ ಇಂಗ್ಲೆಂಡಿನಲ್ಲಿ 1992ರ ಡಿಸೆಂಬರ್ 3ರಂದು ರವಾನೆಯಾಯಿತು. ಮುಂದಿನ ದಶಕದಲ್ಲಿಯೇ ಯುರೋಪಿನ ಕಾರ್ಡ್‌ಲೆಸ್ ದೂರವಾಣಿಗಳಿಗೂ ಈ ಸೌಲಭ್ಯ ಬಂದಿತು. ಅದರ ಕ್ರಮ ಸರಳವಾಗಿತ್ತು. ಸಂದೇಶ ಕೇಂದ್ರವು ಸಾಮಾನ್ಯ ಕರೆಯಂತೆಯೇ ಆ ಸಂಖ್ಯೆಗೆ ಕರೆ ಮಾಡುತ್ತಿತ್ತು. ಉಪಕರಣವು ಕರೆ ಮಾಡಿದವರ ಸಂಖ್ಯೆಯನ್ನು ಗುರುತಿಸಿ, ಗಂಟೆ ಬಾರಿಸದೆ ತಾನೇ ಕರೆಯನ್ನು ಸ್ವೀಕರಿಸಿ, ಧ್ವನಿಸಂಕೇತಗಳ ಮೂಲಕ ಬಂದ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುತ್ತಿತ್ತು. ಇದಕ್ಕಾಗಿ ಕರೆಗಾರರ ಸಂಖ್ಯೆ ತೋರಿಸುವ ಸೇವೆಯನ್ನು ಪಡೆದಿರುವುದು ಅವಶ್ಯವಾಗಿತ್ತು. ಭಾರತದಲ್ಲಿ ಈ ಪದ್ಧತಿ ಬೇರೂರಲಿಲ್ಲ. ಅದರ ಬದಲು 2000ದ ದಶಕದಲ್ಲಿ ಸಿ.ಡಿ.ಎಂ.ಎ. ತಂತ್ರಜ್ಞಾನದ ತಂತಿರಹಿತ ಸ್ಥಿರ ದೂರವಾಣಿಗಳು ಬಂದವು. ಬಿ.ಎಸ್.ಎನ್.ಎಲ್.ನ ಡಬ್ಲ್ಯು.ಎಲ್.ಎಲ್. ಹಾಗೂ ಟಾಟಾ ಇಂಡಿಕಾಮ್‌ನ ವಾಕಿ ಉಪಕರಣಗಳನ್ನು ಅನೇಕ ಓದುಗರು ನೆನಪಿಟ್ಟಿರಬಹುದು. ಮೇಜಿನ ಮೇಲೆ ಕುಳಿತು, ಆ್ಯಂಟೆನಾ ಎತ್ತಿ, ಸಂದೇಶವನ್ನೂ ಓದಿಸುತ್ತಿದ್ದ ಆ ಫೋನುಗಳು ಅಂಗಡಿಗೆ ಹೇಳಿಮಾಡಿಸಿದಂತಿದ್ದವು. ಖಾಸಗಿ ಕಂಪನಿಗಳ ಸಿ.ಡಿ.ಎಂ.ಎ. ಸೇವೆಗಳು ಕಳೆದ ದಶಕದಲ್ಲಿ ಸ್ಥಗಿತಗೊಂಡು ಆ ಉಪಕರಣಗಳು ಅಟ್ಟ ಸೇರಿದವು. ಅವುಗಳ ಜಾಗವನ್ನು ಮೇಜಿನ ಫೋನು ತುಂಬಲಿಲ್ಲ. ಕೆಲಸಗಾರರ ಸ್ವಂತ ಮೊಬೈಲ್‌ಗಳು ತುಂಬಿದವು.

ಇದರ ಪರಿಣಾಮವನ್ನು ಇ-ವೇ ಬಿಲ್ಲಿನ ಉದಾಹರಣೆಯಿಂದಲೇ ನೋಡಬಹುದು. 2018ರ ಏಪ್ರಿಲ್ 1ರಂದು ಅಂತಾರಾಜ್ಯ ಸಾಗಣೆಗೆ ಇ-ವೇ ಬಿಲ್ ಜಾರಿಯಾದಾಗ, ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಜಾರಿಗೊಳಿಸಿದ ರಾಜ್ಯ ಕರ್ನಾಟಕ. 2025ರ ಏಪ್ರಿಲ್ 1ರಿಂದ ಆ ಜಾಲತಾಣವನ್ನು ಪ್ರವೇಶಿಸಲು ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ. ಗುಪ್ತಪದ ನೀಡಿದರಷ್ಟೇ ಸಾಲದು, ನೋಂದಾಯಿತ ಮೊಬೈಲ್ ಸಂಖ್ಯೆಗೆ ಬರುವ ಸಂಕೇತವನ್ನೂ ನೀಡಬೇಕು. ಸಂಕೇಶ್ವರದಿಂದ ಮೆಣಸಿನಕಾಯಿಯ ಲಾರಿ ಕೊಲ್ಲಾಪುರದ ದಾರಿ ಹಿಡಿಯಬೇಕಾಗಿದೆ ಎಂದು ಭಾವಿಸೋಣ. ಹಮಾಲರು ಮಾಲು ತುಂಬಿ ಮುಗಿಸಿದ್ದಾರೆ, ಚಾಲಕ ಕಾಯುತ್ತಿದ್ದಾನೆ. ಸಂಕೇತ ಹೋದದ್ದು ಮಾತ್ರ ಮದುವೆಗೆಂದು ಊರಿಗೆ ಹೋದ ಗುಮಾಸ್ತನ ಫೋನಿಗೆ. ಅಲ್ಲಿ ನೆಟ್‌ವರ್ಕ್ ಇಲ್ಲ. ರಾತ್ರಿಯಿಡೀ ಲಾರಿ ನಿಂತರೆ ಬಾಡಿಗೆಯ ಹೊರೆ ಯಾರದು? ಮಾಲು ಬಿಡಲು ಆತುರಪಟ್ಟು ಬಿಲ್ಲಿಲ್ಲದೆ ಕಳುಹಿಸಿದರೆ ದಂಡದ ಹೊರೆ ಯಾರದು?

ಇದಕ್ಕೆ ಪರಿಹಾರ ಆ ವ್ಯವಸ್ಥೆಯಲ್ಲಿಯೇ ಇದೆ. ಮುಖ್ಯ ಬಳಕೆದಾರರ ಅಡಿಯಲ್ಲಿ ಉಪ-ಬಳಕೆದಾರರನ್ನು ಸೃಷ್ಟಿಸಿ, ಅವರಿಗೆ ಪ್ರತ್ಯೇಕ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಬಹುದು. ಆ ಸಂಖ್ಯೆ ಅಂಗಡಿಯ ಮೇಜಿನ ಮೇಲಿರುವ ಸಿಮ್ ಸಹಿತ ಫೋನಿನದಾಗಿದ್ದರೆ, ಯಾರು ರಜೆಯಲ್ಲಿದ್ದರೂ ಲಾರಿ ನಿಲ್ಲುವ ಪ್ರಸಂಗ ಬಾರದು. ಅಂತಹ ಉಪಕರಣಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ. ನೋಡಲು ಹಳೆಯ ಮೇಜಿನ ಫೋನಿನಂತೆಯೇ ಇದ್ದು, ಒಳಗೆ ಸಿಮ್ ಸೇರಿಸಿಕೊಳ್ಳುತ್ತವೆ. ಕೊಳ್ಳುವಾಗ ಒಂದು ಎಚ್ಚರಿಕೆ ಅವಶ್ಯ. ಅಗ್ಗದ ಉಪಕರಣಗಳಲ್ಲಿ ಹಲವು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜಿಯೋದಂತಹ 2ಜಿ ಇಲ್ಲದ ಜಾಲದ ಸಿಮ್ ಅವುಗಳಲ್ಲಿ ನಡೆಯುವುದಿಲ್ಲ. 4ಜಿ ಜಾಲದ ಮೂಲಕ ಮಾತು ಸಾಗಿಸಬಲ್ಲ ಉಪಕರಣವನ್ನೇ ಕೇಳಿ ಪಡೆಯಬೇಕು.

ಸಂಖ್ಯೆ ಯಾರ ಹೆಸರಿನಲ್ಲಿರಬೇಕೆಂಬುದು ಉಪಕರಣಕ್ಕಿಂತ ದೊಡ್ಡ ಪ್ರಶ್ನೆ. ಏಕಮಾಲೀಕತ್ವದ ಅಂಗಡಿಗೆ ಕಾನೂನಿನಲ್ಲಿ ಬೇರೆ ವ್ಯಕ್ತಿತ್ವವಿಲ್ಲವಾದ್ದರಿಂದ ಅದು ಮಾಲೀಕರ ಹೆಸರಿನಲ್ಲಿರುವುದು ಸಹಜ. ಪಾಲುದಾರಿಕೆ ಸಂಸ್ಥೆ, ಕಂಪನಿ ಅಥವಾ ಸಹಕಾರಿ ಸಂಘವಾದರೆ ಸಂಸ್ಥೆಯ ಹೆಸರಿನಲ್ಲಿಯೇ ಸಂಪರ್ಕ ಪಡೆಯಲು ಅವಕಾಶವಿದೆ. ಬಳಸುವವರ ಗುರುತನ್ನು ಮಾತ್ರ ದಾಖಲಿಸಬೇಕಾಗುತ್ತದೆ. ಕೆಲಸಗಾರನ ಹೆಸರಿನ ಸಿಮ್ ಮೇಲೆ ವ್ಯಾಪಾರ ನಡೆಸುವುದು ಬೇರೊಬ್ಬರ ಹೊಲದಲ್ಲಿ ಬಾವಿ ತೋಡಿದಂತೆ. ಅವನು ಕೆಲಸ ಬಿಟ್ಟು, ರೀಚಾರ್ಜ್ ನಿಲ್ಲಿಸಿ, ಸಂಪರ್ಕ ಕಡಿತವಾಯಿತೆಂದರೆ, 90 ದಿನಗಳ ಅವಧಿ ಮುಗಿದ ಬಳಿಕ ಆ ಸಂಖ್ಯೆಯನ್ನು ಕಂಪನಿಯು ಹೊಸ ಗ್ರಾಹಕರಿಗೆ ಹಂಚಬಹುದು. ಆಗ ಕೊಲ್ಲಾಪುರದ ವ್ಯಾಪಾರಿಯ ದರವಿಚಾರಣೆ, ಬಾಕಿ ಹಣದ ಸುದ್ದಿ ಎಲ್ಲವೂ ಅಪರಿಚಿತರ ಕೈ ಸೇರುತ್ತವೆ.

ಸಾಕ್ಷ್ಯದ ವಿಷಯವನ್ನು ವ್ಯಾಪಾರಸ್ಥರು ಇನ್ನೂ ಗಂಭೀರವಾಗಿ ಪರಿಗಣಿಸಿಲ್ಲ. ಹಿಂದೆ ದರ ಒಪ್ಪಿಗೆಯಾದರೆ ತಂತಿ ಕಳುಹಿಸುತ್ತಿದ್ದರು; ಆ ಕಾಗದ ಕಡತದಲ್ಲಿ ಉಳಿಯುತ್ತಿತ್ತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಈಗ ಬೆಲ್ಲದ ದರವನ್ನು ಸಂದೇಶದಲ್ಲಿಯೇ ಒಪ್ಪುತ್ತಾರೆ, ವಿವಾದ ಬಂದಾಗ ಆ ಸಂದೇಶವೇ ಆಧಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ಅದಕ್ಕೂ ಮೊದಲಿನ ಕಾಯ್ದೆಯ 65ಬಿ ಕಲಮಿನಂತೆಯೇ, ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತದೆ. ಅದಕ್ಕೆ ಸಹಿ ಹಾಕಬೇಕಾದವರು ಆ ಉಪಕರಣದ ಹೊಣೆ ಹೊತ್ತವರು. ಉಪಕರಣ ಅಂಗಡಿಯದಾಗಿದ್ದರೆ ಮಾಲೀಕರು ಸಹಿ ಹಾಕಬಹುದು. ಮನಸ್ತಾಪದಿಂದ ಕೆಲಸ ಬಿಟ್ಟ ಗುಮಾಸ್ತನದಾಗಿದ್ದರೆ ಅವನ ಮನೆ ಬಾಗಿಲಿಗೆ ಹೋಗಬೇಕು. ಆ ವೇಳೆಗೆ ಅವನು ಫೋನನ್ನೇ ಬದಲಿಸಿರಲೂಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಿತಿಯನ್ನು ಗುರುತಿಸಲೇಬೇಕು. ಬ್ಯಾಂಕಿನ ಹಣ ವರ್ಗಾವಣೆಯ ಸಂಕೇತ ಗಲ್ಲಾದ ಪಕ್ಕದ ಫೋನಿಗೆ ಬರುವುದು ಸರ್ವಥಾ ಸಲ್ಲದು. ಅದು ಮಾಲೀಕರ ಸ್ವಂತ ಫೋನಿಗೇ ಬರಬೇಕು. ಎಲ್ಲವನ್ನೂ ಒಂದೇ ಸಂಖ್ಯೆಗೆ ಕಟ್ಟುವ ಸೋಮಾರಿತನವೇ ವಂಚಕರ ಬಂಡವಾಳ.

ಇನ್ನು ವಿದ್ಯುತ್ತಿನ ಮಾತು. ಹಳೆಯ ತಂತಿ ಫೋನಿಗೆ ದೂರವಾಣಿ ಕೇಂದ್ರದ ಬ್ಯಾಟರಿಯಿಂದಲೇ 48 ವೋಲ್ಟಿನ ಶಕ್ತಿ ಬರುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಅದು ಮಾತನಾಡುತ್ತಿತ್ತು. ಕಾರ್ಡ್‌ಲೆಸ್ ಫೋನು ಹಾಗಲ್ಲ. ಕೈಯಲ್ಲಿರುವ ಹ್ಯಾಂಡ್‌ಸೆಟ್‌ಗೆ ಬ್ಯಾಟರಿ ಇದ್ದರೂ ಅದರ ಮೂಲಘಟಕ ಗೋಡೆಯ ವಿದ್ಯುತ್ತನ್ನೇ ನಂಬಿದೆ. ಕರೆಂಟು ಹೋದ ಕ್ಷಣ ಹ್ಯಾಂಡ್‌ಸೆಟ್ ವ್ಯಾಪ್ತಿಯಿಂದ ಹೊರಬಿದ್ದಂತೆ ಚೀರಿ ಸುಮ್ಮನಾಗುತ್ತದೆ. ಫೈಬರ್ ಸಂಪರ್ಕವಿದ್ದಲ್ಲಿ ಮನೆಯೊಳಗಿನ ಪೆಟ್ಟಿಗೆಗೂ ಇದೇ ಗತಿ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕೆಲಸ ಮಾಡುತ್ತಿದೆ, ಗೋಕಾಕ ಮತ್ತು ಮೂಡಲಗಿಗಳಿಗೆ ಹೆಸ್ಕಾಂ ಇದೆ. ಯಾರೇ ವಿದ್ಯುತ್ ಕೊಟ್ಟರೂ ಮಳೆಗಾಲದ ಗಾಳಿಗೆ ಕಂಬ ಉರುಳುವುದು ತಪ್ಪದು. ಮೂಲಘಟಕಕ್ಕೆ ಸಣ್ಣದೊಂದು ಯು.ಪಿ.ಎಸ್. ಜೋಡಿಸದೆ ಕಾರ್ಡ್‌ಲೆಸ್ ಕೊಳ್ಳುವುದು ಅರ್ಧ ಖರ್ಚು ಮಾಡಿದಂತೆ. ಬ್ಯಾಟರಿ ಸಹಿತ ಸಿಮ್ ಫೋನು ಈ ದೃಷ್ಟಿಯಿಂದ ಮೇಲು.

ಮಳೆಗಾಲದ ಮಾತು ಈ ಭಾಗದಲ್ಲಿ ಬರಿಯ ಮಾತಲ್ಲ. ಸಹ್ಯಾದ್ರಿಯ ಮಳೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ಬಂದು ಸೇರುತ್ತದೆ. ಸುಮಾರು 51 ಟಿ.ಎಂ.ಸಿ. ಸಾಮರ್ಥ್ಯದ ಆ ಜಲಾಶಯ ತುಂಬಿದ ಮೇಲೆ ಬಿಟ್ಟ ನೀರು ಧೂಪದಾಳದ ಒಡ್ಡು ದಾಟಿ, ಗೋಕಾಕ ಜಲಪಾತದಲ್ಲಿ ಧುಮುಕಿ, ಪೇಟೆಯ ಅಂಚನ್ನು ಸವರಿ, ಮೂಡಲಗಿ ತಾಲ್ಲೂಕಿನ ನದೀತೀರದ ಹಳ್ಳಿಗಳತ್ತ ಸಾಗುತ್ತದೆ. ಹಿರಣ್ಯಕೇಶಿ ಹಾಗೂ ಮಾರ್ಕಂಡೇಯ ನದಿಗಳೂ ಘಟಪ್ರಭೆಯನ್ನೇ ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ಗೋಕಾಕದ ತಗ್ಗು ಪ್ರದೇಶಗಳು ಮುಳುಗಿ ಲೋಳಸೂರ ಸೇತುವೆಯ ಮೇಲೆ ನೀರು ಹರಿದದ್ದನ್ನು ಯಾರೂ ಮರೆತಿಲ್ಲ. 2021ರ ಜುಲೈನಲ್ಲಿ ನೆರೆ ಮತ್ತೆ ಬಂದಿತು. ಗೋದಾಮಿನ ನೆಲದ ಮೇಲಿನ ಚೀಲಗಳನ್ನು ಅಟ್ಟಣಿಗೆಗೆ ಏರಿಸಲು ಹತ್ತು ಹಮಾಲರಿದ್ದರೂ ಕೆಲವು ಗಂಟೆಗಳು ಬೇಕು. ಮುನ್ಸೂಚನೆಯ ಬೆಲೆ ಆ ಕೆಲವು ಗಂಟೆಗಳಷ್ಟೇ.

ಅಂತಹ ಸೂಚನೆಯನ್ನು ಒಂದು ಪ್ರದೇಶದ ಎಲ್ಲ ಮೊಬೈಲ್‌ಗಳಿಗೆ ಏಕಕಾಲಕ್ಕೆ ಗಟ್ಟಿಯಾದ ಸದ್ದಿನೊಂದಿಗೆ ಬಿತ್ತರಿಸುವ ವ್ಯವಸ್ಥೆಯನ್ನು ಕರ್ನಾಟಕದಲ್ಲಿ 2023ರ ಅಕ್ಟೋಬರ್ 12ರಂದು ಪ್ರಾಯೋಗಿಕವಾಗಿ ಪರೀಕ್ಷಿಸಲಾಯಿತು. ಅಂದು ಫೋನು ಹಠಾತ್ತನೆ ಕಿರುಚಿದಾಗ ಬೆಚ್ಚಿಬಿದ್ದವರು ಅನೇಕರು. ಈ ಬಿತ್ತರಿಕೆ ಆ ಪ್ರದೇಶದ ಗೋಪುರಗಳ ವ್ಯಾಪ್ತಿಯಲ್ಲಿರುವ ಮೊಬೈಲ್‌ಗಳಿಗೆ ಮಾತ್ರ ತಲುಪುತ್ತದೆ. ತಂತಿಯ ಮೇಲಿರುವ ಕಾರ್ಡ್‌ಲೆಸ್ ಫೋನಿಗೆ ಅದು ತಲುಪುವುದಿಲ್ಲ. ಬೆಳಗಾವಿಗೆ ಹೋದ ಮಾಲೀಕರ ಜೇಬಿಗೂ ತಲುಪದು, ಏಕೆಂದರೆ ಅವರು ಆ ಹೊತ್ತಿಗೆ ಆ ಪ್ರದೇಶದಲ್ಲಿಲ್ಲ. ಗೋದಾಮಿನಲ್ಲಿ ರಾತ್ರಿ ಕಾವಲುಗಾರನ ಬಳಿ, ಸದ್ದು ಮುಚ್ಚದ, ಸದಾ ಚಾರ್ಜಿನಲ್ಲಿರುವ ಮೊಬೈಲ್ ಒಂದು ಇದ್ದರೆ ಮಾತ್ರ ಸೂಚನೆ ಮಾಲಿನ ಬಳಿ ತಲುಪಿದಂತಾಗುತ್ತದೆ.

ಭಾಷೆಯ ವಿಷಯದಲ್ಲೊಂದು ಸಣ್ಣ ಮಾತು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕಿರುಸಂದೇಶಕ್ಕೆ 160 ಅಕ್ಷರಗಳ ಅವಕಾಶವಿದ್ದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಕಾಗುಣಿತದ ಚಿಹ್ನೆ, ಒತ್ತು ಪ್ರತ್ಯೇಕವಾಗಿ ಲೆಕ್ಕಕ್ಕೆ ಸೇರುತ್ತವೆ; ‘ಹುಕ್ಕೇರಿ’ ಎಂಬ ಮೂರಕ್ಷರದ ಹೆಸರಿಗೇ ಎಂಟು ಸ್ಥಾನ ಹೋಗುತ್ತದೆ. ಆದ್ದರಿಂದಲೇ ವ್ಯಾಪಾರಸ್ಥರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ರೂಢಿ ಬೆಳೆಸಿಕೊಂಡರು. ಪರಸ್ಪರರ ನಡುವೆ ಅದು ನಡೆದೀತು. ಆದರೆ ಹಮಾಲರ ಮುಖ್ಯಸ್ಥನಿಗೋ ಕಾವಲುಗಾರನಿಗೋ ಹೋಗುವ ಎಚ್ಚರಿಕೆ ಕನ್ನಡ ಲಿಪಿಯಲ್ಲಿಯೇ ಇರಬೇಕು. ಎರಡು ಸಂದೇಶಗಳ ಹಣ ತೆತ್ತರೂ ಚಿಂತೆಯಿಲ್ಲ. ಮೇಜಿನ ಫೋನು ಕೊಳ್ಳುವ ಮುನ್ನ ಅದರ ಪರದೆಗೆ ಕನ್ನಡ ಸಂದೇಶವೊಂದನ್ನು ಕಳುಹಿಸಿ ನೋಡುವುದು ಒಳಿತು, ಏಕೆಂದರೆ ಕೆಲವು ಉಪಕರಣಗಳಲ್ಲಿ ಅಕ್ಷರಗಳ ಬದಲು ಬರಿಯ ಚೌಕಗಳು ಮೂಡುತ್ತವೆ.

ಈ ಹೊಣೆಯನ್ನು ಒಂದೊಂದು ಅಂಗಡಿಯ ಮೇಲೆಯೇ ಹೊರಿಸುವುದೂ ಸರಿಯಲ್ಲ. ವಾಣಿಜ್ಯ ಸಂಸ್ಥೆಯು ತನ್ನ ಸದಸ್ಯರ ಕಚೇರಿ ಸಂಖ್ಯೆಗಳ ಪಟ್ಟಿಯನ್ನು, ಮಾಲೀಕರ ಖಾಸಗಿ ಸಂಖ್ಯೆಗಳಿಂದ ಬೇರ್ಪಡಿಸಿ, ಹೊಸದಾಗಿ ಸಿದ್ಧಪಡಿಸಬೇಕು. ಟ್ರಾಯ್‌ನ 2018ರ ನಿಯಮಾವಳಿಯ ಪ್ರಕಾರ ಸಾಮೂಹಿಕ ಸಂದೇಶ ಕಳುಹಿಸುವ ಸಂಸ್ಥೆ ತನ್ನ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಿರಬೇಕು. ನದಿ ಉಕ್ಕಿದ ದಿನ ನೋಂದಣಿಗೆ ಓಡಿದರೆ ಕೆಲಸವಾಗದು. ಜಲಾಶಯದಿಂದ ಬಿಟ್ಟ ನೀರಿನ ಪ್ರಮಾಣ, ಮುಚ್ಚಿದ ಸೇತುವೆ, ಬದಲಿ ಮಾರ್ಗ ಈ ಮೂರು ವಿಷಯಗಳಿಗೆ ಕನ್ನಡದಲ್ಲಿ ಮೂರು ಮಾದರಿಗಳನ್ನು ಬೇಸಿಗೆಯಲ್ಲಿಯೇ ನೋಂದಾಯಿಸಿಟ್ಟು, ಮೇ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ ಪರೀಕ್ಷಾರ್ಥ ಸಂದೇಶ ಕಳುಹಿಸಿ, ಯಾವ ಅಂಗಡಿಯಿಂದ ಉತ್ತರ ಬರಲಿಲ್ಲವೆಂಬುದನ್ನು ಗುರುತಿಸಿ, ಆ ಅಂಗಡಿಗೆ ಒಬ್ಬರು ನಡೆದುಹೋಗಿ ವಿಚಾರಿಸಬೇಕು.