ಕಂಪ್ಯೂಟರಿಗೆ ಕನ್ನಡ ಬರುತ್ತದೆ, ಪಾಠಕ್ಕೆ ಯಾಕೆ ಬರಬಾರದು?

ಕಂಪ್ಯೂಟರ್ ಕಲಿಯಬೇಕಾದರೆ ಮೊದಲು ಇಂಗ್ಲಿಷ್ ಬರಬೇಕು ಎಂಬ ಮಾತು ಆದೋನಿ, ಆಲೂರು, ಹೊಳಗುಂದ ಕಡೆಯ ಪೋಷಕರ ಬಾಯಲ್ಲಿ ಸಾಮಾನ್ಯ. ಇದೇ ಕಾರಣಕ್ಕೆ ಮಕ್ಕಳನ್ನು ಕನ್ನಡ ಮಾಧ್ಯಮದಿಂದ ಬಿಡಿಸುವವರೂ ಇದ್ದಾರೆ. ಈ ಮಾತು ತಪ್ಪು ಎನ್ನುತ್ತೇವೆ ನಾವು. ಬರೀ ಭಾಷಾಭಿಮಾನದಿಂದಲ್ಲ, ಕಾರಣ ಕೊಟ್ಟೇ ಹೇಳುತ್ತೇವೆ.

ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ ಎಂದರೇನು? ಆದೋನಿಯ ಹತ್ತಿ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ರೈತರು, ವ್ಯಾಪಾರಿಗಳು, ಹಮಾಲರು ಎಲ್ಲರೂ ಒಂದೇ ಅಂಗಳದಲ್ಲಿ. ಯಾರ ಹತ್ತಿ ಎಲ್ಲಿ ಇಳಿಯಬೇಕು, ಯಾರ ತೂಕ ಮೊದಲು ಎಂದು ಹೇಳಲು ಒಂದು ಕಚೇರಿ ಬೇಕು. ಇಲ್ಲದಿದ್ದರೆ ಜಗಳವೇ! ಕಂಪ್ಯೂಟರಿನೊಳಗೆ ಆ ಕಚೇರಿಯ ಕೆಲಸ ಮಾಡುವುದೇ ಆಪರೇಟಿಂಗ್ ಸಿಸ್ಟಂ. ಬರೆಯುವ, ಚಿತ್ರ ಬಿಡಿಸುವ, ಲೆಕ್ಕ ಮಾಡುವ ತಂತ್ರಾಂಶಗಳಿಗೆಲ್ಲ ಪ್ರೊಸೆಸರಿನ ಸಮಯವನ್ನೂ ಮೆಮೊರಿಯ ಜಾಗವನ್ನೂ ಅದು ಹಂಚುತ್ತದೆ. ಕೀಬೋರ್ಡು, ಪ್ರಿಂಟರುಗಳನ್ನು ನೋಡಿಕೊಳ್ಳುವುದೂ ಅದೇ.

ರ‍್ಯಾಮ್ ಎಂದರೆ ಹತ್ತಿ ಸುರಿದ ಬಯಲು ಅಂಗಳ. ಹಾರ್ಡ್ ಡಿಸ್ಕ್ ಎಂದರೆ ಗೋದಾಮು. ಮಳೆ ಬಂದರೆ ಅಂಗಳದ ಹತ್ತಿ ಹೋಯಿತು, ಗೋದಾಮಿನದು ಉಳಿಯಿತು. ಕರೆಂಟು ಹೋದಾಗ ಆಗುವುದೂ ಇದೇ. ‘ಸೇವ್ ಮಾಡು’ ಎಂದು ಹತ್ತು ಸಲ ಹೇಳುವುದಕ್ಕಿಂತ ಇದನ್ನು ಒಮ್ಮೆ ಹೇಳಿದರೆ ಸಾಕು. ಇಷ್ಟು ತಿಳಿಯಲು ಇಂಗ್ಲಿಷ್ ವ್ಯಾಕರಣ ಬೇಕೇ?

ಇನ್ನು ಪರದೆಯ ಮೇಲಿನ ಭಾಷೆ. ವಿಂಡೋಸ್, ಉಬುಂಟು ಎರಡರಲ್ಲೂ ಕನ್ನಡ ಹಾಕಿಕೊಳ್ಳಬಹುದು. ಮನೆಯ ಆಂಡ್ರಾಯ್ಡ್ ಫೋನಿನಲ್ಲೂ ಅಷ್ಟೇ. ಆ ಫೋನೂ ನಿಂತಿರುವುದು ಲಿನಕ್ಸ್ ಎಂಬ ತಿರುಳಿನ ಮೇಲೆ. ಅದನ್ನು ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಹೊರತಂದರು. ಟೈಪಿಂಗಿಗೆ ಇನ್‌ಸ್ಕ್ರಿಪ್ಟ್ ಕಲಿಸಿದರೆ ನಮ್ಮ ಮಕ್ಕಳಿಗೆ ಎರಡು ಲಾಭ. ‘ಎಚ್’ ಕೀ ಒತ್ತಿದರೆ ಕನ್ನಡದಲ್ಲೂ ‘ಪ’, ತೆಲುಗಿನಲ್ಲೂ ‘ಪ’. ಒಂದನ್ನು ಕಲಿತರೆ ಇನ್ನೊಂದು ಬಹುಪಾಲು ಬಂದ ಹಾಗೆಯೇ. ಗಡಿಯ ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು?

ಹಳೆಯ ಯಂತ್ರಗಳ ಪ್ರಶ್ನೆಯೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರುಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಹೊಂದುವುದಿಲ್ಲ. ಅವನ್ನು ಮೂಲೆಗೆ ತಳ್ಳುವ ಬದಲು ಹಗುರವಾದ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಅದಕ್ಕೆ ಪರವಾನಗಿ ಶುಲ್ಕವೂ ಇಲ್ಲ.

ಇದು ಆಗದ ಮಾತಲ್ಲ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದು ಕೈಟ್ ಸಂಸ್ಥೆಯಾಯಿತು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಓಡುವುದು ಲಿನಕ್ಸ್. ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಅಲ್ಲಿ ಆದದ್ದು ಇಲ್ಲಿ ಯಾಕಾಗಬಾರದು?

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಮುಂದೆ ಉದ್ಯೋಗಕ್ಕೆ ಅದು ಬೇಕೇ ಬೇಕು. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಚೆನ್ನಾಗಿ ಕಲಿಸೋಣ. ಮೌಸು, ಫೈಲು ಎಂಬ ಮಾತುಗಳೂ ಬಸ್ಸು, ಟಿಕೆಟ್ಟಿನ ಹಾಗೆ ಇರಲಿ. ಆದರೆ ವಿಷಯ ಮೊದಲು ತಲೆಗೆ ಹೋಗುವುದು ಮನೆಮಾತಿನಲ್ಲಿ. ಆದ್ದರಿಂದ ಕನ್ನಡದಲ್ಲಿ ಒಂದು ಕಂಪ್ಯೂಟರ್ ಪುಸ್ತಕ, ಕನ್ನಡ ಪರದೆಯ ಕೆಲವು ಯಂತ್ರಗಳು, ಶಿಕ್ಷಕರಿಗೆ ನಾಲ್ಕು ದಿನದ ತರಬೇತಿ, ಇಷ್ಟನ್ನು ಇಲಾಖೆಯಲ್ಲಿ ಕೇಳೋಣ. ಪುಸ್ತಕ ಬರುವತನಕ ಪರದೆಯ ಭಾಷೆಯನ್ನಾದರೂ ಬದಲಿಸೋಣ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ, ಅಲ್ಲವೇ?