ಸೈನಿಕ ಅಕಾಡೆಮಿಯ ಬಾಗಿಲಲ್ಲಿ ಕನ್ನಡ ಪದವೀಧರರು

ಕನ್ನಡವನ್ನು ಐಚ್ಛಿಕವಾಗಿ ಓದಿದವರಿಗೆ ಅಧ್ಯಾಪನ ಅಥವಾ ಪತ್ರಿಕಾವೃತ್ತಿಯೇ ಗತಿ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಹೊಸೂರು, ತಳಿ, ಡೆಂಕಣಿಕೋಟೆಗಳ ಕಡೆಯ ಕನ್ನಡ ಮನೆಗಳಲ್ಲಿ ಇದರ ಜೊತೆಗೆ ಇನ್ನೊಂದು ಅಳುಕೂ ಇದೆ: ಇರುವ ನೆಲ ತಮಿಳುನಾಡಿನದು, ಓದು ಕನ್ನಡದ್ದು, ಹೀಗಿರುವಾಗ ಉದ್ಯೋಗ ಎಲ್ಲಿಯದು? ಇಂತಹ ಮನೆಗಳಲ್ಲಿ ಸೈನ್ಯದ ಅಧಿಕಾರಿಯಾಗುವ ಮಾತು ಏಳುವುದೇ ಅಪರೂಪ. ಆದರೆ ನಿಯಮದ ಪ್ರಕಾರ ಆ ಬಾಗಿಲು ಮುಚ್ಚಿಲ್ಲ.

ಸಿ.ಡಿ.ಎಸ್. ಎಂದು ಪರಿಚಿತವಾದ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಡೆಹರಾಡೂನಿನ ಭಾರತೀಯ ಸೇನಾ ಅಕಾಡೆಮಿಗಾಗಲಿ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗಾಗಲಿ ಯಾವ ವಿಷಯದ ಪದವಿಯಾದರೂ ಸಾಕು. ಅಂತಿಮ ವರ್ಷದ ವಿದ್ಯಾರ್ಥಿಗಳೂ ಅರ್ಜಿ ಸಲ್ಲಿಸಬಹುದು. ಚೆನ್ನೈ ಅಕಾಡೆಮಿಯನ್ನು ಬಯಸುವವರು ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಎಂಬ ಎರಡು ಪತ್ರಿಕೆಗಳನ್ನಷ್ಟೇ ಬರೆಯಬೇಕು, ಗಣಿತದ ಪತ್ರಿಕೆಯಿಲ್ಲ. ಅಲ್ಲಿ 1992ರಿಂದ ಮಹಿಳೆಯರೂ ತರಬೇತಿ ಪಡೆಯುತ್ತಿದ್ದಾರೆ. ಎನ್.ಸಿ.ಸಿ.ಯ ‘ಸಿ’ ಪ್ರಮಾಣಪತ್ರವನ್ನು ನಿಗದಿತ ಶ್ರೇಣಿಯಲ್ಲಿ ಗಳಿಸಿ, ಪದವಿಯಲ್ಲಿ ಶೇ. 50 ಅಂಕ ಪಡೆದವರಿಗೆ ಲಿಖಿತ ಪರೀಕ್ಷೆಯಿಲ್ಲದ ವಿಶೇಷ ಪ್ರವೇಶವೂ ಉಂಟು.

ಕಾಲೇಜಿನಿಂದ ಸೈನ್ಯಕ್ಕೆ ಹೋಗುವ ದಾರಿ ಹೊಸದೇನಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಇಂದೋರಿನ ಡೇಲಿ ಕಾಲೇಜಿನಲ್ಲಿ ಸೈನಿಕ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದರು. 1949ರಲ್ಲಿ ಭಾರತೀಯ ಸೇನೆಯ ಮಹಾದಂಡನಾಯಕರಾದ ಮೊದಲ ಭಾರತೀಯರೂ ಅವರೇ.

ಇಂದಿನ ತೊಡಕು ಪ್ರಶ್ನೆಪತ್ರಿಕೆಯ ಭಾಷೆಯದು. ಸಿ.ಡಿ.ಎಸ್.ನ ಸಾಮಾನ್ಯ ಜ್ಞಾನದ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ ಇರುತ್ತದೆ. ಇದೇ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯನ್ನಾದರೋ ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯೂ 2024ರಲ್ಲಿ ಕನ್ನಡ, ತಮಿಳು ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಿತು. ಪಡೆಗಳು ಬೇರೆಯಾದರೂ ಇದರಿಂದ ಹೊರಡುವ ಅರ್ಥ ಒಂದೇ: ಕಾನ್‌ಸ್ಟೇಬಲ್ ಆಗಲು ಕನ್ನಡ ಸಾಕು, ಸೇನಾಧಿಕಾರಿಯಾಗಲು ಸಾಲದು. ಈ ತಾರತಮ್ಯಕ್ಕೆ ಸಮರ್ಥನೆಯಿಲ್ಲ.

ಅಕಾಡೆಮಿಯ ಪಾಠಗಳು ಇಂಗ್ಲಿಷಿನಲ್ಲೇ ನಡೆಯುವುದರಿಂದ ಅಭ್ಯರ್ಥಿಗೆ ಆ ಭಾಷೆ ಬೇಕೇ ಬೇಕೆಂಬ ಮಾತು ಒಪ್ಪತಕ್ಕದ್ದೇ. ಅದನ್ನು ಅಳೆಯಲು ಇಂಗ್ಲಿಷ್ ಪತ್ರಿಕೆ ಪ್ರತ್ಯೇಕವಾಗಿ ಇದ್ದೇ ಇದೆ, ಅದು ಇರಲಿ. ಆದರೆ ಸಾಮಾನ್ಯ ಜ್ಞಾನದ ಪತ್ರಿಕೆ ಅಳೆಯಬೇಕಾದುದು ಇತಿಹಾಸ, ಭೂಗೋಳ, ವಿಜ್ಞಾನಗಳ ತಿಳಿವನ್ನು. ಹಿಂದಿ ಬಲ್ಲವರಿಗೆ ಅಲ್ಲಿ ದೊರೆತಿರುವ ಸೌಕರ್ಯ ಕನ್ನಡ, ತಮಿಳು ಬಲ್ಲವರಿಗೂ ದೊರೆಯಬೇಕು.

ಸೈನಿಕರ ಭಾಷೆಯನ್ನು ಅಧಿಕಾರಿ ಕಲಿಯಬೇಕೆಂಬುದು ಸೇನೆಯದೇ ಸಂಪ್ರದಾಯ. ಮದ್ರಾಸ್ ರೆಜಿಮೆಂಟಿಗೆ ಬರುವ ಉತ್ತರದ ಅಧಿಕಾರಿಗಳು ತಮಿಳು ಕಲಿಯುತ್ತಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುವ ಗಡಿನಾಡಿನ ವಿದ್ಯಾರ್ಥಿ ಈ ಸಿದ್ಧತೆಯನ್ನು ಬಾಲ್ಯದಿಂದಲೇ ಪಡೆದಿರುತ್ತಾನೆ, ಪಡೆದಿರುತ್ತಾಳೆ. ಈಗಿನ ಪರೀಕ್ಷೆಯಲ್ಲಿ ಆ ಸಂಪತ್ತಿಗೆ ಒಂದು ಅಂಕವೂ ಇಲ್ಲ.

ಪ್ರಶ್ನೆಪತ್ರಿಕೆಯ ಭಾಷೆಗಾಗಿ ಕನ್ನಡ ವಿಭಾಗಗಳೂ ಸಂಘಟನೆಗಳೂ ಆಯೋಗದ ಮುಂದೆ ಹಕ್ಕೊತ್ತಾಯ ಮಂಡಿಸಬೇಕು. ಆ ಬದಲಾವಣೆ ಬರುವವರೆಗೆ ವಿದ್ಯಾರ್ಥಿಗಳು ಕಾಯುತ್ತ ಕೂರಬೇಕಾಗಿಲ್ಲ. ಮೊದಲ ವರ್ಷದಲ್ಲೇ ಎನ್.ಸಿ.ಸಿ. ಸೇರುವುದು, ದಿನವೂ ಇಂಗ್ಲಿಷ್ ಪತ್ರಿಕೆಯೊಂದನ್ನು ಓದುವುದು, ಬೆಳಗಿನ ಓಟವನ್ನು ರೂಢಿಸಿಕೊಳ್ಳುವುದು ಅವರ ಕೈಯಲ್ಲೇ ಇದೆ. ಅದಕ್ಕಾಗಿ ಐಚ್ಛಿಕ ಕನ್ನಡವನ್ನು ಬಿಟ್ಟು ಬೇರೆ ವಿಷಯ ಹಿಡಿಯಬೇಕಾದ ಅಗತ್ಯವಂತೂ ಇಲ್ಲ.