ಉಕ್ಕಿನ ಆನೆಗೆ ಹಗುರ ಅಂಕುಶ

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬುದು ನಮ್ಮ ಹಳೆಯ ಗಾದೆ. ಇಂದಿನ ರಣರಂಗದ ಆನೆಯೆಂದರೆ ಟ್ಯಾಂಕು. ಮೈತುಂಬ ಉಕ್ಕಿನ ಕವಚ ತೊಟ್ಟು ಬರುವ ಈ ದೈತ್ಯನನ್ನು ಇನ್ನೂ ದೊಡ್ಡ ದೈತ್ಯನೇ ತಡೆಯಬೇಕೆಂದು ತೋರುವುದು ಸಹಜ. ಆದರೆ ಯುದ್ಧತಂತ್ರಜ್ಞರಲ್ಲಿ ಕೆಲವರು ಬೇರೆಯೇ ದಾರಿಯನ್ನು ಹಿಡಿದರು. ಕವಚವನ್ನು ಕಳಚಿ, ಹಾಗೆ ಉಳಿಸಿದ ತೂಕಕ್ಕೆ ಬದಲಾಗಿ ವೇಗವನ್ನೂ ಬಲವಾದ ಫಿರಂಗಿಯನ್ನೂ ಪಡೆಯುವುದೇ ಆ ದಾರಿ. ಹಗುರ ಟ್ಯಾಂಕುನಾಶಕದ ಮೂಲತತ್ತ್ವ ಇದೇ.

ಎರಡನೆಯ ಮಹಾಯುದ್ಧದಲ್ಲಿ, 1943ರಿಂದ ತಯಾರಾದ ಅಮೆರಿಕದ ‘ಹೆಲ್‌ಕ್ಯಾಟ್’ ಇದಕ್ಕೆ ಒಳ್ಳೆಯ ನಿದರ್ಶನ. ಅದರ ತೂಕ ಸುಮಾರು 18 ಟನ್. ಫಿರಂಗಿ 76 ಮಿಲಿಮೀಟರಿನದು. ವೇಗ ಗಂಟೆಗೆ 80 ಕಿಲೋಮೀಟರಿಗೂ ಮಿಕ್ಕಿದ್ದು. ಆದರೆ ಕವಚದ ಅತಿ ದಪ್ಪವಾದ ಭಾಗವೂ ಸುಮಾರು ಒಂದು ಅಂಗುಲ ಮಾತ್ರ. ಫಿರಂಗಿಯ ಗೋಪುರಕ್ಕೆ ಮಾಡೇ ಇರಲಿಲ್ಲ! 1944ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಆರಾಕೋರ್ ಬಳಿ ಮಂಜಿನ ಮರೆಯಲ್ಲಿ ನಿಂತು ಅದು ಜರ್ಮನರ ಪ್ಯಾಂಥರ್ ಟ್ಯಾಂಕುಗಳನ್ನು ಕೆಡವಿತು. ಮರೆಯಿದ್ದಾಗ ಅದು ಬೇಟೆಗಾರ. ಬಯಲಿಗೆ ಬಂದರೆ ಬೇಟೆ.

ನಮ್ಮ ಸೈನ್ಯ ಇದೇ ತತ್ತ್ವವನ್ನು ಜೀಪಿನ ಮೇಲೇರಿಸಿತು. ಜೀಪಿಗೆ ಜೋಡಿಸಿದ 106 ಮಿಲಿಮೀಟರಿನ ತೋಪು ಸಿಡಿದಾಗ ಮದ್ದಿನ ಅನಿಲದ ಒಂದು ಪಾಲು ಹಿಂಬದಿಯಿಂದ ಹೊರನುಗ್ಗುತ್ತದೆ. ಆದ್ದರಿಂದ ತೋಪು ಹಿಂದಕ್ಕೆ ಒದೆಯದು. ಪುಟ್ಟ ಜೀಪೂ ಅದನ್ನು ತಾಳಬಲ್ಲದು. ಆದರೆ ಅದೇ ಜ್ವಾಲೆ, ಅದೇ ಧೂಳು ಶತ್ರುವಿಗೆ ಅದರ ನೆಲೆಯನ್ನು ತೋರಿಸಿಕೊಡುತ್ತವೆ. ಗುಂಡು ಹಾರಿಸಿದ ಮರುಕ್ಷಣವೇ ಸ್ಥಳ ಬಿಡಬೇಕು. 1965ರ ಸೆಪ್ಟೆಂಬರಿನಲ್ಲಿ ಖೇಮಕರಣದ ರಣಾಂಗಣದಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಹೀಗೆ ಎಡೆಯಿಂದೆಡೆಗೆ ಸರಿಯುತ್ತ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಂದೊಂದಾಗಿ ಕೆಡವಿದರು. ಕೊನೆಗೆ 10ನೆಯ ತಾರೀಕು ಶತ್ರುವಿನ ಗುಂಡಿಗೆ ಸಿಕ್ಕಿ ವೀರಮರಣವನ್ನಪ್ಪಿದರು. ಪರಮವೀರಚಕ್ರ ಅವರಿಗೆ ಮರಣಾನಂತರ ಸಂದಿತು.

ಅದೇ ಲೆಕ್ಕಾಚಾರ ಮುಂದೆ ಆಕಾಶಕ್ಕೇರಿತು. 1999ರ ಕಾರ್ಗಿಲ್ ಯುದ್ಧದಲ್ಲಿ ರಾಕೆಟ್ಟುಗಳನ್ನು ಹೊತ್ತು ಹೋಗಿದ್ದ ಒಂದು ಮಿ-17 ಹೆಲಿಕಾಪ್ಟರು ಶತ್ರುವಿನ ಕ್ಷಿಪಣಿಗೆ ತುತ್ತಾಗಿ, ಅದರಲ್ಲಿದ್ದ ನಾಲ್ವರೂ ಮಡಿದರು. ಎತ್ತರದ ತೆಳುಗಾಳಿಯಲ್ಲಿ ಹಾರಬಲ್ಲ, ಯುದ್ಧಕ್ಕೆಂದೇ ರೂಪಿಸಿದ ಹೆಲಿಕಾಪ್ಟರು ಬೇಕೆಂಬುದು ಅಂದು ಮನದಟ್ಟಾಯಿತು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಅದನ್ನು ರೂಪಿಸಿತು. 2010ರ ಮಾರ್ಚ್ 29ರಂದು ಅದು ಇಲ್ಲಿಯೇ ಮೊದಲ ಬಾರಿಗೆ ಹಾರಿತು. ಪೂರ್ಣ ಭಾರದೊಡನೆ ಅದರ ತೂಕ 5.8 ಟನ್. ಇಬ್ಬರು ವೈಮಾನಿಕರು ಅಕ್ಕಪಕ್ಕದಲ್ಲಲ್ಲದೆ ಹಿಂದುಮುಂದಾಗಿ ಕುಳಿತುಕೊಳ್ಳುವುದರಿಂದ ಎದುರಿನಿಂದ ನೋಡುವವನಿಗೆ ಗುರಿ ಕಿರಿದಾಗುತ್ತದೆ. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ‘ಪ್ರಚಂಡ’ ಎಂಬ ಹೆಸರಿನಿಂದ ಅದು ವಾಯುಸೇನೆಯನ್ನು ಸೇರಿತು. 2025ರ ಮಾರ್ಚಿನಲ್ಲಿ ಇನ್ನೂ 156ಕ್ಕೆ ಒಪ್ಪಂದವಾಯಿತು. ತುಮಕೂರಿನ ಕಾರ್ಖಾನೆಗೂ ಅದರಲ್ಲಿ ಪಾಲುಂಟು. ಟ್ಯಾಂಕಿನ ಕವಚ ತೆಳುವಾಗಿರುವುದು ನೆತ್ತಿಯಲ್ಲಿ. ಅಲ್ಲಿಗೇ ಎರಗುವ ‘ಹೆಲಿನಾ’ ಕ್ಷಿಪಣಿಯನ್ನೂ ಹೆಲಿಕಾಪ್ಟರುಗಳಿಗೆಂದೇ ನಮ್ಮವರು ರೂಪಿಸಿದ್ದಾರೆ.

ಪ್ರಚಂಡದ ರೆಕ್ಕೆಯಡಿಯಲ್ಲಿ ರಾಕೆಟ್ಟುಗಳೂ ಇವೆ. ಈ ಸೀಮೆಗೆ ಅವು ಹೊಸವಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಸೈನಿಕರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿಗೆ ಕಟ್ಟಿ, ಇಂಗ್ಲಿಷರ ದಂಡಿನತ್ತ ಹಾರಿಸುತ್ತಿದ್ದರು. ಭಾರವಾದ ತೋಪು ಹೋಗಲಾರದ ಕಡೆಗೆ ಅವನ್ನು ಆಳೇ ಹೊತ್ತೊಯ್ಯಬಹುದಾಗಿತ್ತು.

ಆಯುಧ ಹಗುರವಾದಷ್ಟೂ ಚುರುಕಾಗುತ್ತದೆ, ನಿಜ. ಆದರೆ ಯಂತ್ರದ ಮೈಯಿಂದ ಇಳಿಸಿದ ಉಕ್ಕಿನ ಭಾರ ಎಲ್ಲಿಗೂ ಹೋಗುವುದಿಲ್ಲ. ಅದರೊಳಗೆ ಕುಳಿತವನ ಕಣ್ಣು, ಕೈ, ಎದೆಗಾರಿಕೆಗಳೇ ಅದನ್ನು ಹೊರಬೇಕಾಗುತ್ತದೆ.